ಹೊಸ್ತಿಲ ಆಣೆ

ಬರಾವು ಬಹಳ ದೈವಭಕ್ತ. ಹೆಂಡತಿಗೆ ಹೊಡೆಯುವ ಮೊದಲು ಅವಳ ಕೈಯಲ್ಲಿದ್ದ ಕುರಾನನ್ನು ಮೆಲ್ಲಗೆ ತೆಗೆದುಕೊಂಡು, ಮುತ್ತಿಟ್ಟು, ಎತ್ತರದ ಗೂಡಿನಲ್ಲಿರಿಸಿ, ಧೂಳು ಬೀಳದಂತೆ ಮೇಲೊಂದು ಬಟ್ಟೆ ಮುಚ್ಚಿದ. ಆಮೇಲೆ ಗಜಕೋಲು ಎಲ್ಲಿದೆಯೆಂದು ಹುಡುಕಿದ.

ದೊಡ್ಡವರ ನಿಲುವಂಗಿಗಳ ಕೊರಳಿಗೆ ಕೈಕಸೂತಿ ಹಾಕುವುದು ಅವನ ಕಸುಬು. ಜಾರಿಯಾ ಎಂಬ ಊರಿನ ಹಳೇ ಪೇಟೆಯಲ್ಲಿ ಅವನ ಸೂಜಿಗೆ ಹೆಸರಿತ್ತು. ಅಷ್ಟು ನಯವಾದ ಕೈ ಮನೆಗೆ ಬಂದೊಡನೆ ಹೇಗೆ ಹಾಗಾಗುತ್ತಿತ್ತೋ ದೇವರೇ ಬಲ್ಲ. ಮೊದಲ ಏಟು ಹನ್ಸಾತುವಿನ ಭುಜಕ್ಕೆ ಬಿತ್ತು, ಎರಡನೆಯದು ಮೊಣಕೈಗೆ. ಮೂರನೆಯದಕ್ಕೆ ಅವಳು ಒಲೆಯ ಪಕ್ಕದಲ್ಲಿದ್ದ ತಪ್ಪಲೆಯನ್ನೇ ಎತ್ತಿ ಅಡ್ಡ ಹಿಡಿದಳು. ಕೋಲು ತಪ್ಪಲೆಗೆ ಬಡಿದು, ರುಬ್ಬಿಟ್ಟ ಅಲಸಂದೆ ಹಿಟ್ಟೆಲ್ಲ ಗಂಡನ ಎದೆಯ ಮೇಲೆ ಚೆಲ್ಲಿತು.

"ನನ್ನ ಮೇಲೇ ಎರಚ್ತೀಯೇನೇ?"

"ನೀವು ಹೊಡೆದಿದ್ದಕ್ಕೆ ಚೆಲ್ತು. ನಾಳೆ ವಡೆ ಹಾಕೋಕೆ ಇಟ್ಟಿದ್ದ ಹಿಟ್ಟು ಅದು."

"ವಡೆನೂ ಬೇಡ, ವಿದ್ಯೆನೂ ಬೇಡ. ಇವತ್ತಿಗೆ ಎಲ್ಲಾ ಮುಗೀತು."

ಅಂಗಳದ ಮೂಲೆಯಲ್ಲಿ ಕೂಕಾ ಸೊಪ್ಪು ಆರಿಸುತ್ತಿದ್ದ ಅತ್ತೆ ತಬಾವಾ ತಲೆ ಎತ್ತಲಿಲ್ಲ. "ಮುಖಕ್ಕೆ ಹೊಡೀಬೇಡ" ಎಂದಳು, ಸೊಪ್ಪಿಗೆ ಹೇಳಿದ ಹಾಗೆ. ಈ ಮನೆಯಲ್ಲಿ ಅವಳು ಕಂಡ ಏಟುಗಳಿಗೆ ಲೆಕ್ಕವಿರಲಿಲ್ಲ. ತಾನು ತಿಂದವೂ ಅದರಲ್ಲಿ ಸೇರಿದ್ದವು.

ಜಗಳದ ಬೇರು ಇಷ್ಟೇ. ಕೆಲವು ವರ್ಷಗಳ ಹಿಂದೆ ಹೆಂಗಸರ ಮದರಸಾ ಶುರುವಾದಾಗ ಹೆಂಡತಿಯನ್ನು ಅಲ್ಲಿಗೆ ಸೇರಿಸಿದವನು ಬರಾವುವೇ. ಅವಳು ಕುರಾನು ಓದಿ ಮುಗಿಸಿದ ದಿನ ಕುರಿ ಕಡಿದು ನೆಂಟರಿಗೆಲ್ಲ ಊಟ ಹಾಕಿದ್ದ. ಆಮೇಲೆ ಅವಳು ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು, ಕೂರಲಿಲ್ಲ. ಮಧ್ಯಾಹ್ನದ ನಮಾಜಿನ ನಂತರ ಹೊಸದಾಗಿ ಸೇರಿದ ಹೆಂಗಸರಿಗೆ ಪಾಠ ಹೇಳಲು ಹೋಗತೊಡಗಿದಳು. ಅವರಲ್ಲಿ ಒಬ್ಬಳು ಜುಮ್ಮಾಯ್, ಬರಾವುವಿನ ಗೆಳೆಯ ಚರ್ಮದ ವ್ಯಾಪಾರಿ ಲಾವಾಲಿಯ ಹೆಂಡತಿ. ಗಂಡನ ಕೈಯಲ್ಲಿ ಮುಂದಿನ ಎರಡು ಹಲ್ಲು ಕಳೆದುಕೊಂಡವಳು. ಒಂದು ದಿನ ಅವಳು, "ಅಕ್ಕಾ, ನಾನು ಬಿಟ್ಟು ಬಂದರೆ ಮಕ್ಕಳು ಯಾರಿಗೆ?" ಎಂದು ಕೇಳಿದಳು. ಊರ ರೂಢಿಯಲ್ಲಿ ಮಕ್ಕಳು ಅಪ್ಪನ ಮನೆಯ ಸೊತ್ತು. ಹನ್ಸಾತು ಶರೀಯತ್ತಿನ ಕಿತಾಬಿನಲ್ಲಿದ್ದದ್ದನ್ನು ಹೇಳಿದಳು: ತಲಾಕಾದರೆ ಗಂಡುಮಕ್ಕಳು ದೊಡ್ಡವರಾಗುವವರೆಗೆ, ಹೆಣ್ಣುಮಕ್ಕಳು ಮದುವೆಯಾಗುವವರೆಗೆ ತಾಯಿಯ ಹತ್ತಿರವೇ ಇರಬೇಕು. ಜುಮ್ಮಾಯ್ ನೆಟ್ಟಗೆ ಕಾಜಿಯ ಬಳಿ ಹೋದಳು. ಕಾಜಿ ಅದೇ ಕಿತಾಬು ತೆರೆದು, ತಲಾಕ್ ಕೊಡಿಸಿ, ಮೂರು ಮಕ್ಕಳನ್ನೂ ಅವಳ ಕೈಗೆ ಒಪ್ಪಿಸಿದ.

ಲಾವಾಲಿ ಬರಾವುವಿನ ಅಂಗಡಿ ಮುಂದೆ ನಿಂತು ನಾಲ್ಕು ಜನರ ಎದುರಿಗೆ ಹಂಗಿಸಿದ. "ನಿನ್ನ ಹೆಂಡತಿ ಮದರಸಾ ನಡೆಸ್ತಿಲ್ಲ ಕಣಯ್ಯ, ಕೋರ್ಟು ನಡೆಸ್ತಿದ್ದಾಳೆ. ನನ್ನ ಕೇಸು ಆಯ್ತು. ನಿನ್ನದು ಯಾವಾಗ?"

ಅದಕ್ಕೇ ಆ ಗಜಕೋಲು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಜೋಳದ ಮುದ್ದೆ, ಕೂಕಾ ಸೊಪ್ಪಿನ ಸಾರು. ಹನ್ಸಾತುವಿನ ಬಲಗೈ ಊದಿಕೊಂಡಿತ್ತು. ಎಡಗೈಯಲ್ಲಿ ತಿನ್ನುವುದು ನಿಷಿದ್ಧವಾದ್ದರಿಂದ ಮಗಳು ಬಿಲ್ಕಿ ಮುರಿದು ಮುರಿದು ಅಮ್ಮನ ಬಾಯಿಗಿಡುತ್ತಿದ್ದಳು. ಬಿಲ್ಕಿಗೆ ಹದಿನೈದು. ಹುಟ್ಟಿದವರಲ್ಲಿ ಉಳಿದದ್ದು ಅವಳೊಬ್ಬಳೇ.

"ನಾಳೆ ಪಾಠ ಇದೆ, ಹೋಗ್ತೀನಿ" ಎಂದಳು ಹನ್ಸಾತು.

ಬರಾವು ಅಗಿಯುವುದನ್ನು ನಿಲ್ಲಿಸಿದ. "ಏನಂದೆ?"

"ಹೋಗ್ತೀನಿ ಅಂದೆ. ನಾನೇನು ಕುಣಿಯೋಕೆ ಹೋಗ್ತೀನಾ? ದೇವರ ಮಾತು ಹೇಳೋಕೆ ಹೋಗ್ತೀನಿ."

"ಹಾಗಾದ್ರೆ ಕೇಳು. ಅವ್ವಾ, ನೀನೂ ಕೇಳಿಸ್ಕೋ. ಅಲ್ಲಾಹುವಿನ ಆಣೆ, ಇವಳ ಕಾಲು ಈ ಹೊಸ್ತಿಲು ದಾಟಿ ಆಚೆ ಬಿದ್ದ ಗಳಿಗೆ ಇವಳಿಗೆ ಮೂರು ತಲಾಕ್!"

ತಬಾವಾಳ ಕೈಯಲ್ಲಿದ್ದ ತುತ್ತು ಬಟ್ಟಲಿಗೆ ಬಿತ್ತು.

ಅಂಥ ಆಣೆಯನ್ನು ಇಟ್ಟವನೇ ಅತ್ತು ಕರೆದರೂ ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಷರತ್ತು ಮುರಿದ ಗಳಿಗೆಯಲ್ಲಿ ತಲಾಕ್ ತಾನಾಗಿಯೇ ಬೀಳುತ್ತದೆ. ಒಂದೋ ಎರಡೋ ಅಂದಿದ್ದರೆ ಮತ್ತೆ ಕೂಡಿಕೊಳ್ಳುವ ದಾರಿಯುಂಟು. ಮೂರು ಅಂದರೆ ತೀರಿತು. ಆಮೇಲೂ ಅದೇ ಗಂಡನ ಜೊತೆ ಬಾಳಿದರೆ ಅದು ಹಾದರ. ಸ್ವಲ್ಪ ಬುದ್ಧಿ ಉಳಿಸಿಕೊಂಡ ಗಂಡಸರು 'ನನ್ನ ಅಪ್ಪಣೆಯಿಲ್ಲದೆ' ಎಂದು ಒಂದು ಮಾತು ಸೇರಿಸುತ್ತಾರೆ. ಬಾಯಿ ತುಂಬ ಮುದ್ದೆ ತುಂಬಿಕೊಂಡಿದ್ದ ಬರಾವು ಅದನ್ನು ಮರೆತ. ಇನ್ನು ಅವನೇ ಬೇಡಿದರೂ ಹನ್ಸಾತು ಆ ಬಾಗಿಲು ದಾಟುವಂತಿರಲಿಲ್ಲ. ಮನೆಗೆ ಅವನು ಬೀಗ ಹಾಕಲಿಲ್ಲ. ಅದಕ್ಕಿಂತ ಗಟ್ಟಿಯಾದದ್ದನ್ನು ಹಾಕಿದ್ದ.

ತಪ್ಪು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಮುಂದಿನ ವಾರವೇ ಅವನ ತಂಗಿಯ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಅತ್ತಿಗೆ ಹೋಗದಿದ್ದರೆ ನೆಂಟರ ಬಾಯಿಗೆ ಕೈ ಅಡ್ಡ ಹಿಡಿಯುವವರು ಯಾರು? ಬರಾವು ಮಸೀದಿಯ ಗುರುಗಳ ಹತ್ತಿರ ಗುಟ್ಟಾಗಿ ಹೋಗಿ ದಾರಿ ಕೇಳಿದ. ದಾರಿಯಿಲ್ಲ ಎಂದು ಅವರು ಬೈದು ಕಳಿಸಿದರು. ಮನೆಗೆ ಬಂದವನು, "ಎಲ್ಲಾ ನಿನ್ನಿಂದಲೇ" ಎಂದು ಹನ್ಸಾತುವಿನ ಕೆನ್ನೆಗೆ ಬಾರಿಸಿದ.

"ಬಾಯಿ ನಿಮ್ಮದು, ಏಟು ನನಗೆ" ಎಂದಳು ಅವಳು. ಅದಕ್ಕೆ ಇನ್ನೊಂದು ಬಿತ್ತು.

ದಿನಗಳು ಹಾಗೇ ಸಾಗಿದವು. ಬೆಳಗ್ಗೆ ಹನ್ಸಾತು ಒಳಗೆ ಕೂತು ವಡೆ ಕರಿಯುತ್ತಿದ್ದಳು, ಬಿಲ್ಕಿ ಶಾಲೆಗೆ ಹೋಗುವ ಮುಂಚೆ ಬೀದಿಯ ತುದಿಗೆ ಒಯ್ದು ಮಾರಿ ಬರುತ್ತಿದ್ದಳು. ಮಧ್ಯಾಹ್ನ ಮೂವರು ಹೆಂಗಸರೂ ಸಜ್ಜೆ ಕುಟ್ಟುತ್ತ ಮಾತಿಗೆ ಬೀಳುತ್ತಿದ್ದರು.

"ನಾನು ಬಾಯಿಪಾಠ ಮಾಡಿದ ನಾಲ್ಕು ಸೂರಾದಲ್ಲೇ ಇಷ್ಟು ವರ್ಷ ನಮಾಜು ಮಾಡಿದ್ದೀನಿ. ದೇವರು ಬೇಡ ಅಂದನಾ?" ಎಂದು ತಬಾವಾ ಕೆಣಕುತ್ತಿದ್ದಳು. "ನೀನು ಅಷ್ಟೊಂದು ಓದಿ ಏನು ಕಂಡೆ? ಗಂಡನ ಮಾತು ಕೇಳಿದ ಹೆಣ್ಣಿಗೆ ಸ್ವರ್ಗ ಅಂತ ಇದೆಯೋ ಇಲ್ವೋ?"

"ಇದೆ ಅತ್ತೆ. ಹೆಂಡತಿಯ ದುಡಿಮೆ ಹೆಂಡತಿಯದ್ದೇ ಅಂತಲೂ ಇದೆ. ಅವಳ ಹೊಟ್ಟೆ ಬಟ್ಟೆ ಗಂಡನ ಜವಾಬ್ದಾರಿ ಅಂತಲೂ ಇದೆ. ನಿಮಗೆ ಅದನ್ನ ಯಾರೂ ಹೇಳ್ಲಿಲ್ಲ."

"ಹೇಳಿದ್ರೆ ಏನಾಗ್ತಿತ್ತು?"

"ಏಟು ಬೀಳೋವಾಗ ಇದು ದೇವರು ಕೊಟ್ಟದ್ದು ಅಂತ ಅಂದ್ಕೋತಿರ್ಲಿಲ್ಲ."

ಮುದುಕಿ ಒನಕೆ ಕುಟ್ಟುವುದನ್ನು ಜೋರು ಮಾಡಿದಳು. ಬಿಲ್ಕಿ ನಡುವೆ ಬಾಯಿ ಹಾಕಿದಳು. "ನಾನಂತೂ ಮದುವೆಯಾದ್ರೂ ಒಳಗೆ ಕೂರಲ್ಲ ಅಜ್ಜಿ. ಔಷಧಿ ಅಂಗಡಿ ಇಡ್ತೀನಿ."

"ಅಯ್ಯೋ, ಬುರ್ಖಾ ಬಿಚ್ಚಿ ಎಸೆದು ಅಂಗಡಿಯಲ್ಲಿ ಕೂರ್ತಾಳಂತೆ!"

"ಯಾಕೆ ಬಿಚ್ಚಲಿ? ಅದು ನನ್ನದು. ಹಾಕ್ಕೊಂಡೇ ಕೂರ್ತೀನಿ. ಗುಳಿಗೆ ಕೊಡೋದು ಕೈ ತಾನೇ?"

ಹನ್ಸಾತು ನಕ್ಕಳು. ಊದಿದ ಕೆನ್ನೆ ನೋಯಿತು, ಆದರೂ ನಕ್ಕಳು.

ಆಮೇಲೊಂದು ಮಧ್ಯಾಹ್ನ, ಅವಳು ಹೋಗಲಾರದ ಪಾಠ ಅವಳಿದ್ದಲ್ಲಿಗೇ ನಡೆದು ಬಂತು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಂದು ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತರು. ಬರಾವು ಅವತ್ತು ಬೇಗ ಬಂದ. ಮುಂಬಾಗಿಲ ಹಜಾರದಲ್ಲಿ ನಿಂತು ಸಲಾಮು ಕೂಗಿದ.

"ಅಲ್ಲೇ ನಿಂತ್ಕೊಳ್ಳಪ್ಪಾ, ಒಳಗೆ ಪರರ ಹೆಂಗಸರಿದ್ದಾರೆ" ಎಂದು ಯಾವಳೋ ಕೂಗಿದಳು.

ಪರಹೆಂಗಸರಿದ್ದ ಅಂಗಳಕ್ಕೆ ಕಾಲಿಡುವುದು ಮಾನವಂತರ ಲಕ್ಷಣವಲ್ಲ. ಬರಾವು ತನ್ನ ಸ್ವಂತ ಮನೆಯ ಹಜಾರದಲ್ಲಿ, ಕೈಯಲ್ಲಿ ಮಾಂಸದ ಪೊಟ್ಟಣ ಹಿಡಿದು, ರಕ್ತ ಪಾದದ ಮೇಲೆ ತೊಟ್ಟಿಕ್ಕುವಾಗ, ಹೆಂಡತಿ ಹೇಳಿಕೊಡುವ ಪಾಠ ಕೇಳುತ್ತ ನಿಂತ. ಬೀದಿಯಲ್ಲಿ ಹೋಗುತ್ತಿದ್ದ ಲಾವಾಲಿ ಅದನ್ನು ಕಂಡು ನಿಂತೇಬಿಟ್ಟ. "ಏನಯ್ಯಾ, ನಿನ್ನನ್ನೂ ಸೇರಿಸ್ಕೊಂಡ್ರಾ?"

ಅಷ್ಟೇ ಸಾಕಾಯಿತು. ಬರಾವು ಮಾನ ಮರ್ಯಾದೆಯನ್ನು ಮಾಂಸದ ಜೊತೆ ನೆಲಕ್ಕೆಸೆದು ಒಳಗೆ ನುಗ್ಗಿದ. ಹೆಂಗಸರು ಚೀರಿಕೊಂಡು ಮುಸುಕೆಳೆದುಕೊಂಡರು. ನೀರಿನ ಮಡಕೆ ಗೋಡೆಗೆ ಬಡಿದು ಚೂರಾಯಿತು. ಒಬ್ಬ ಬಸುರಿ ಎದ್ದು ಓಡುವಾಗ ಎಡವಿ ಬಿದ್ದಳು. ಅವರೆಲ್ಲ ಹೋದ ಮೇಲೆ ಅವನು ಹನ್ಸಾತುವಿನ ಕೂದಲು ಹಿಡಿದು ಅಂಗಳದುದ್ದಕ್ಕೂ ಎಳೆದಾಡಿದ. ಬಿಲ್ಕಿ ಅಪ್ಪನ ಕೈ ಕಚ್ಚಿದಳು. ಕಸೂತಿ ಹಾಕುವ ಹೆಬ್ಬೆರಳಿಗೇ ಹಲ್ಲು ಇಳಿಯಿತು.

"ಇದಕ್ಕೂ ಓದಿಸಿದ್ದೀಯ!" ಎಂದು ಅವನು ಬೆರಳು ಹಿಡಿದುಕೊಂಡು ಅರಚಿದ. "ಇರಲಿ. ಇದರ ಹಲ್ಲು ಮುರಿಯೋನಿಗೇ ಕೊಡ್ತೀನಿ."

ಸಿಟ್ಟಿನ ಮಾತು ಅಂದುಕೊಂಡರು. ಕೆಲವು ದಿನಗಳಾದ ಮೇಲೆ ಕೋಲಾ ಕಾಯಿಯ ದೊಡ್ಡ ಬುಟ್ಟಿಯೊಂದು ಮನೆಗೆ ಬಂತು. ಕೋಲಾ ಕಾಯಿ ಹಂಚಿದರೆಂದರೆ ಮದುವೆ ಗೊತ್ತಾದಂತೆ. ಯಾರ ಮದುವೆ ಎಂದು ಹನ್ಸಾತು ಕೇಳಿದಳು.

"ಬಿಲ್ಕಿದು. ಲಾವಾಲಿ ಜೊತೆ. ಬರೋ ಶುಕ್ರವಾರ" ಎಂದ ಬರಾವು, ಚಪ್ಪಲಿ ಹುಡುಕುತ್ತ. "ಅವನ ಮನೆ ಖಾಲಿ ಮಾಡಿಸಿದವಳು ನೀನು. ತುಂಬಿಸಿ ಕೊಡೋದು ನನ್ನ ಧರ್ಮ."

ಹನ್ಸಾತು ಅವನ ಕಾಲು ಹಿಡಿದಳು. ನಾಚಿಕೆ ಬಿಟ್ಟು ಹಿಡಿದಳು. "ಅವನು ಜುಮ್ಮಾಯ್‌ಗೆ ಏನು ಮಾಡಿದ ಅಂತ ಗೊತ್ತಲ್ವಾ? ನನ್ನನ್ನ ಬೇಕಾದ್ರೆ ಕೊಂದುಬಿಡಿ. ಪಾಠ ಬಿಡ್ತೀನಿ. ಕಿತಾಬು ಮುಟ್ಟಲ್ಲ."

"ಈಗ ಬಿಡ್ತೀಯಾ?" ಎಂದು ಕಾಲು ಕೊಡವಿ ಹೋದ.

ಅವತ್ತು ಊಟಕ್ಕೆ ಯಾರೂ ಕೂರಲಿಲ್ಲ. ತಬಾವಾ ಸಾರು ಬಿಸಿ ಮಾಡಿದಳು, ಆರಿತು, ಮತ್ತೆ ಬಿಸಿ ಮಾಡಿದಳು.

"ನಿನ್ನ ಕಿತಾಬು ಈಗೇನು ಹೇಳುತ್ತೆ?" ಎಂದು ಕೇಳಿದಳು. ಈ ಸಲ ದನಿಯಲ್ಲಿ ಕೊಂಕಿರಲಿಲ್ಲ.

"ಕನ್ನೆ ಮಗಳನ್ನ ಅಪ್ಪ ತನಗೆ ಬೇಕಾದವನಿಗೆ ಕೊಡಬಹುದು ಅಂತ ಹೇಳುತ್ತೆ" ಎಂದಳು ಹನ್ಸಾತು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಆದ್ರೆ ಕೇಡಾಗೋ ಜಾಗಕ್ಕೆ ಕೊಡಬಾರದು ಅಂತಲೂ ಹೇಳುತ್ತೆ. ಅದನ್ನ ಕಾಜಿ ಮುಂದೆ ಹೋಗಿ ನಾನು ಹೇಳಬೇಕು. ಹೋಗೋದು ಹೇಗೆ?"

ಹೋದರೆ ತಲಾಕ್. ಹೋಗದಿದ್ದರೆ ಶುಕ್ರವಾರ. ತಬಾವಾ ಪರದೆಯ ಕಟ್ಟಿಲ್ಲದೆ ಹೊರಗೆ ಓಡಾಡಬಹುದಾದ ವಯಸ್ಸಿನ ಮುದುಕಿ. ಅವಳನ್ನು ಯಾರೂ ತಡೆಯುವಂತಿರಲಿಲ್ಲ. "ನೀವಾದ್ರೂ ಹೋಗಿ ಹೇಳಿ ಅತ್ತೆ" ಎಂದು ಹನ್ಸಾತು ಅಂಗಲಾಚಿದಳು. "ಹೆತ್ತ ಮಗನ ಮೇಲೆ ದೂರು ಕೊಡಲಾ?" ಎಂದು ಮುದುಕಿ ಎದ್ದು ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಬುಧವಾರ ಮಧ್ಯಾಹ್ನ ಬಿಲ್ಕಿ ಶಾಲೆಯಿಂದ ಬಂದವಳೇ ಕೋಲಾ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿ ಕಟ್ಟಿದ್ದ ಕುರಿಗಳ ಮುಂದೆ ಸುರಿದಳು. ಕುರಿಗಳು ಕಚ್ಚಿ ನೋಡಿ, ಕಹಿಯೆಂದು ಉಗುಳಿ, ಅದರ ಮೇಲೆಯೇ ಹಿಕ್ಕೆ ಹಾಕಿದವು. ಮಲಗಿದ್ದ ಬರಾವು ಸದ್ದಿಗೆ ಎದ್ದು ಬಂದ.

"ಯಾರು ಮಾಡಿದ್ದು?"

"ನಾನು" ಎಂದಳು ಬಿಲ್ಕಿ. "ಲಾವಾಲಿಗೆ ಹೇಳಿ, ಕುರಿಗಳೂ ಅವನನ್ನ ಒಪ್ಪಲಿಲ್ಲ ಅಂತ."

ಗಜಕೋಲು ಎರಡು ಏಟಿಗೆ ಮುರಿಯಿತು. ಹನ್ಸಾತು ನಡುವೆ ಬಂದಳು. ಅವಳ ಹೊಟ್ಟೆಗೆ ಒದೆ ಬಿತ್ತು, ಅಲ್ಲೇ ಮುದುರಿಕೊಂಡಳು. ಬಿಲ್ಕಿ ಓಡಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ. ಅವಳ ರಟ್ಟೆ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ; ಒಣಕಟ್ಟಿಗೆ ಮುರಿದಂಥ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ನೂಕಿದ. ಅವಳ ಹಣೆ ಒರಳಿನ ಅಂಚಿಗೆ ಬಡಿಯಿತು. ಒರಳಿನಲ್ಲಿದ್ದ ಸಜ್ಜೆ ಹಿಟ್ಟು ಕೆಂಪಾಯಿತು.

ಮೊದಲು ಹುಟ್ಟಿದ ಮಗುವನ್ನು ಹೆಸರು ಹಿಡಿದು ಕರೆಯಲು ಆ ಕಡೆಯ ತಾಯಂದಿರು ನಾಚುತ್ತಾರೆ. ಹನ್ಸಾತುವೂ ಇಷ್ಟು ವರ್ಷ 'ಏ ಹುಡುಗಿ' ಎಂದೇ ಕರೆದಿದ್ದಳು. ಈಗ "ಬಿಲ್ಕೀ! ಬಿಲ್ಕೀ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅಷ್ಟರಲ್ಲಿ ಮಸೀದಿಯಲ್ಲಿ ಬಾಂಗ್ ಕೂಗಿದರು. ಬರಾವು ತನ್ನ ಕೈ ನೋಡಿಕೊಂಡ. ಹೂಜಿಯ ನೀರಲ್ಲಿ ಮೊಣಕೈವರೆಗೆ ತೊಳೆದ, ಬಾಯಿ ಮುಕ್ಕಳಿಸಿದ, ಮುಖ ತೊಳೆದ, ತಲೆಗೆ ನೀರು ಸವರಿದ, ಕಾಲು ತೊಳೆದ. "ಕಟ್ಟು ಕಟ್ಟಿ, ಸರಿಹೋಗ್ತಾಳೆ" ಎಂದು ಯಾರ ಮುಖವನ್ನೂ ನೋಡದೆ ನಮಾಜಿಗೆ ಹೋದ.

ತಬಾವಾ ಮೊಮ್ಮಗಳ ಹಣೆಗೆ ತನ್ನ ತಲೆಬಟ್ಟೆ ಒತ್ತಿ ಹಿಡಿದಳು. ಬಟ್ಟೆ ತೊಯ್ದಿತು. ಇನ್ನೊಂದು ಒತ್ತಿದಳು, ಅದೂ ತೊಯ್ದಿತು. "ಇದಕ್ಕೆ ಹೊಲಿಗೆ ಬೇಕು" ಎಂದಳು. "ಆಸ್ಪತ್ರೆಗೇ ಹೋಗಬೇಕು. ನಾನೊಬ್ಬಳೇ ಹೊರಲಾರೆ." ಎದ್ದು ನಿಂತು ಸುತ್ತ ನೋಡಿದಳು. ಒನಕೆ ಎತ್ತಿಕೊಂಡು ನೇರ ಪಕ್ಕದ ಗೋಡೆಗೆ ನಡೆದಳು.

"ಡೇಲೂ! ಏ ಡೇಲೂ! ಗೋಡೆಯಿಂದ ದೂರ ನಿಲ್ಲು!" ಎಂದು ಪಕ್ಕದ ಮನೆಯವಳನ್ನು ಕೂಗಿ, ಒನಕೆಯಿಂದ ಗೋಡೆಗೆ ಗುದ್ದಿದಳು.

ಹಳೆಯ ಮಣ್ಣಿನ ಗೋಡೆ. ಮುದುಕಿ ಗುದ್ದಿದ ಪರಿ ನೋಡಿದ್ದರೆ ಅದು ಬರೀ ಗೋಡೆಯ ಮೇಲಿನ ಸಿಟ್ಟಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಹೆಂಟೆ ಹೆಂಟೆಯಾಗಿ ಮಣ್ಣು ಉದುರಿತು. ಆ ಕಡೆಯಿಂದ ಡೇಲು ಕೈ ಹಚ್ಚಿದಳು. ಒಬ್ಬರು ನುಸುಳುವಷ್ಟು ಕಂಡಿಯಾಯಿತು.

"ಬಾ" ಎಂದಳು ತಬಾವಾ ಏದುಸಿರು ಬಿಡುತ್ತ. ತಲೆಯಿಂದ ಕಾಲಿನವರೆಗೆ ಮಣ್ಣಾಗಿದ್ದಳು. "ಅವನು ಅಂದಿದ್ದು ಹೊಸ್ತಿಲು. ಇದು ಹೊಸ್ತಿಲಲ್ಲ. ಇಲ್ಲಿಂದ ಹೋಗಿ, ಹೊಲಿಗೆ ಹಾಕಿಸ್ಕೊಂಡು ಇಲ್ಲಿಂದಲೇ ವಾಪಸ್ ಬನ್ನಿ. ಆಣೆಯೂ ಮುರಿಯಲ್ಲ, ಮನೆಯೂ ಮುರಿಯಲ್ಲ."

ಹನ್ಸಾತು ಮಗಳನ್ನು ಎಬ್ಬಿಸಿ ಹೆಗಲಿಗೆ ಆನಿಸಿಕೊಂಡಳು. ಕಂಡಿಯನ್ನು ನೋಡಿದಳು.

"ವಾಪಸ್ ಬಂದು ಶುಕ್ರವಾರ ಏನು ಮಾಡಲಿ ಅತ್ತೆ?"

ತಬಾವಾ ಒನಕೆಯನ್ನು ನೆಲಕ್ಕಿಟ್ಟಳು.

"ಅವರ ಹೆಂಡತಿಯಾಗಿ ಇರೋವರೆಗೂ ಇವಳು ಅವರ ಕೈಯಲ್ಲೇ. ತಲಾಕಾದ್ರೆ ಇವಳು ನನ್ನ ಹತ್ತಿರ ಇರಬೇಕು ಅಂತ ಕಾಜಿಯೇ ಹೇಳಬೇಕಾಗುತ್ತೆ. ಜುಮ್ಮಾಯ್‌ಗೆ ಹೇಳಿದ ಹಾಗೆ. ಲಾವಾಲಿಗೆ ಕೊಡಬಾರದು ಅಂತಲೂ ಅಲ್ಲೇ ಹೇಳ್ತೀನಿ." ಅವಳು ಗೋಡೆಗೆ ಬೆನ್ನು ತಿರುಗಿಸಿದಳು. "ಇಲಿ ಹಾಗೆ ಬಿಲದಿಂದ ನುಸುಳಿದ್ರೆ ದೇವರಿಗೆ ಗೊತ್ತಾಗಲ್ವಾ? ನಾನು ಬಾಗಿಲಿಂದಲೇ ಹೋಗ್ತೀನಿ."

"ಹದಿನಾರು ವರ್ಷದ ಸಂಸಾರ ಕಣೇ!"

"ಹೌದು" ಎಂದಳು ಹನ್ಸಾತು. ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಂಗಳ ದಾಟಿ ಹಜಾರಕ್ಕೆ ಬರುವಷ್ಟರಲ್ಲಿ ನಮಾಜು ಮುಗಿದು ಜನ ಮಸೀದಿಯಿಂದ ಹೊರಬರುತ್ತಿದ್ದರು. ಬೀದಿಯ ಆಚೆ ಬದಿಯಿಂದ ಬರಾವು ಅವರನ್ನು ಕಂಡ. ರಕ್ತ ಸುರಿಯುತ್ತಿದ್ದ ಮಗಳು, ಅವಳನ್ನು ತಬ್ಬಿದ ಹೆಂಡತಿ, ಹೊಸ್ತಿಲಿಗೆ ಒಂದು ಗೇಣು ಹಿಂದೆ ಅವಳ ಕಾಲು.

"ನಿಲ್ಲು!" ಎಂದು ಓಡಿ ಬಂದ. "ದಾಟಬೇಡ! ದಾಟಬೇಡ ಕಣೇ! ಸಿಟ್ಟಲ್ಲಿ ಅಂದಿದ್ದು."

"ಆಡಿದ್ದು ನೀವು. ಕಾಲು ನನ್ನದು."

ಅವಳು ಹೊಸ್ತಿಲು ದಾಟಿದಳು.

ಬರಾವು ಅವಳ ಕುತ್ತಿಗೆಗೆ ಕೈ ಹಾಕಿದ. ಬಿಲ್ಕಿ ಜಾರಿ ಕೆಳಗೆ ಬಿದ್ದಳು. ಜನ ಅವನನ್ನು ಹಿಡಿದೆಳೆದರು. ಒಬ್ಬ ಮುದುಕ ಅವನ ಎದೆಗೆ ಕೋಲು ಅಡ್ಡ ಹಿಡಿದು, "ಏನಿದು? ಏನು ಆಣೆ ಇಟ್ಟಿದ್ದೆ?" ಎಂದು ಕೇಳಿದ. ಲಾವಾಲಿ ಗುಂಪಿನಲ್ಲಿದ್ದ. ಬರಾವು ಅವನ ಕಡೆ ನೋಡಿ, "ಒಂದು" ಎಂದ. "ಒಂದು ತಲಾಕ್ ಅಂದಿದ್ದೆ ಅಷ್ಟೇ. ಈಗಲೇ ವಾಪಸ್ ಕರಕೊಳ್ತೀನಿ. ನೀವೇ ಸಾಕ್ಷಿ."

"ಮೂರು!" ಎಂದಳು ಹನ್ಸಾತು.

"ಹೆಂಗಸಿನ ಮಾತಿಗೆ ಸಾಕ್ಷಿ ಯಾರು?" ಎಂದ ಲಾವಾಲಿ. "ಒಳಗೆ ಹೋಗಮ್ಮ. ಗಂಡ ಕರೀತಿದ್ದಾನೆ."

ಹಜಾರದ ಕತ್ತಲೆಯಿಂದ ತಬಾವಾ ಹೊರಗೆ ಬಂದಳು. ತಲೆಯ ಮೇಲೆ ಬಟ್ಟೆಯಿರಲಿಲ್ಲ. ಇದ್ದವೆರಡೂ ಮೊಮ್ಮಗಳ ರಕ್ತದಲ್ಲಿ ತೊಯ್ದಿದ್ದವು. ನರೆಗೂದಲಿನ ತುಂಬ ಮಣ್ಣು. ಗಂಡಸರು ಮುಖ ಪಕ್ಕಕ್ಕೆ ತಿರುಗಿಸಿದರು.

"ಅವ್ವಾ, ಹೇಳು ಇವರಿಗೆ" ಎಂದ ಬರಾವು. "ಎಷ್ಟು ಅಂದೆ ನಾನು?"

ತಬಾವಾ ಹನ್ಸಾತುವನ್ನು ನೋಡಲಿಲ್ಲ. ನೆಲದ ಮೇಲಿದ್ದ ಬಿಲ್ಕಿಯನ್ನು ನೋಡಿದಳು.

"ಮೂರು" ಎಂದಳು. "ಅಲ್ಲಾಹುವಿನ ಆಣೆ, ಮೂರು. ನನ್ನೆದುರಿಗೇ ಅಂದ."

ಡೇಲು ತನ್ನ ಮನೆಯ ಬಾಗಿಲಿಂದ ಓಡಿ ಬಂದು ಬಿಲ್ಕಿಯ ಇನ್ನೊಂದು ಕಂಕುಳಿಗೆ ಕೈಕೊಟ್ಟಳು. ಇಬ್ಬರೂ ಹುಡುಗಿಯನ್ನು ಎತ್ತಿ ನಿಲ್ಲಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದರು. ಗುಂಪು ಸರಿದು ದಾರಿ ಬಿಟ್ಟಿತು.

ಬರಾವು ಹೊಸ್ತಿಲ ಮೇಲೆ ಕುಸಿದು ಕೂತ. "ಅವ್ವಾ, ಒಂದು ಅಂದಿದ್ರೆ ಆಗ್ತಿತ್ತಲ್ಲವ್ವಾ. ಮಗನಿಗೋಸ್ಕರ ಒಂದು ಮಾತು. ಮನೆ ಉಳೀತಿತ್ತು."

ತಬಾವಾ ದನಿ ತಗ್ಗಿಸಲಿಲ್ಲ. ಬೀದಿಗೆಲ್ಲ ಕೇಳಿಸಿತು.

"ನಿಮ್ಮಪ್ಪನೂ ನನಗೆ ಇದೇ ಬಾಗಿಲಲ್ಲಿ ಮೂರು ಅಂದಿದ್ದ ಕಣೋ. ನಮ್ಮತ್ತೆ ಮಗನಿಗೋಸ್ಕರ ಎರಡು ಅಂತ ಸಾಕ್ಷಿ ಹೇಳಿ ನನ್ನನ್ನ ಒಳಗೆ ಎಳಕೊಂಡಳು. ನೀನು ಹುಟ್ಟಿದ್ದು ಅದಾದ ಮೇಲೆ."